ಕ್ರಿಮಿ ತಾವ ಸಾಯ್ತಾವ!

ದವಾಖಾನಿಗೆ ಹೊಸಾದೇನರ ಬಂತಂದ್ರ ಎದಿ ಹೊಡಕೊಳ್ಳೂದು ನಂದ ಪಾಳಿ ನೋಡ್ರಿ. ಗಂಗಾವತಿ ಕಡೆ ಒಂದು ಸಣ್ಣ ಖಾಸಗಿ ದವಾಖಾನ್ಯಾಗ ನಾ ನರ್ಸ್. ಕೊರೊನಾ ಇಳಿದ ಮ್ಯಾಲೆ ನಮ್ಮ ಡಾಕ್ಟ್ರು ಬಾಗಲ ಹಿಡಿಕಿ, ಮಂಚ, ಟೇಬಲ್ಲಿಗೆಲ್ಲಾ ಅದೇನೋ ನ್ಯಾನೋ ಲೇಪ ಹೊಡಿಸಿದ್ರು. "ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣ ಅದಾವ. ಕ್ರಿಮಿ ಕುಂತ್ರ ತಾವ ಸಾಯ್ತಾವ" ಅಂತ ಎಲ್ಲಾರ್ನೂ ಕರದು ಹೇಳಿದ್ರು. ಸ್ವಚ್ಛತಾ ತಪಾಸಣಿಗೆ ಆರೋಗ್ಯ ಇಲಾಖಿ ಸಾಹೇಬ್ರು ಬರೋರಿದ್ರು. ಅವರು ಸರ್ಟಿಫಿಕೇಟ್ ಕೊಡಲಿಲ್ಲಂದ್ರ ಹೆರಿಗಿ ವಾರ್ಡ್ ಬಂದ್, ನನ್ನ ನೌಕರಿನೂ ಬಂದ್.

ಒರಸೂ ಅರಬಿಗೆ ರಜಾ

ಮರುದಿನ ಹೋಗಿ ನೋಡ್ತೀನಿ, ಟೇಬಲ್ ಮ್ಯಾಲೆ ಚಹಾ ಚೆಲ್ಲೈತಿ, ನೊಣ ಜಾತ್ರಿ ಮಾಡ್ಯಾವ. ನಮ್ಮ ಆಯಾ ಕಾಲು ಚಾಚಿ ಎಲಿ ಅಡಿಕಿ ಮೆಲ್ಲಾಕತ್ತಾಳ.

"ಯವ್ವಾ, ಒರಸಾಕ ಏನಾಗೇತಿ ನಿನಗ?"

"ತಾವ ಸಾಯಾಕತ್ತಾವಂದ್ರ ನಾ ಯಾಕ ಅಡ್ಡ ಬರ್ಲಿ ಅಕ್ಕಾರ?"

ಪಾಳಿ

ಒಂದಿನ ವಾರ್ಡಿನ ಮುಂದ ಗದ್ದಲ. ನವಲಿ ಕಡೆ ಅಜ್ಜಿ ಒಬ್ಬಾಕಿ, ಮೊಮ್ಮಗನ ಚಡ್ಡಿ ಬಿಚ್ಚಿ, ಕಜ್ಜಿ ಆದ ಕುಂಡಿ ಬಾಗಲ ಹಿಡಿಕಿಗೆ ಗಸಗಸ ತಿಕ್ಕಾಕತ್ತಾಳ! ಅಯ್ಯೋ ಶಿವನ, ನನ್ನ ಜೀವಾನ ಹೋತು.

"ಯಮ್ಮಾ, ಏನ್ ಮಾಡಾಕತ್ತೀಬೇ?"

"ಕ್ರಿಮಿ ಸಾಯ್ತಾವಂತಲ್ಲವ್ವಾ, ಮುಲಾಮು ಯಾಕ ಬೇಕು?"

ಕೂಸು ಕಸಗೊಳ್ಳಾಕ ಮುಂದ ಹೋದ್ನಿ. ಅಜ್ಜಿ ಹಿಂದ ಸಾಲಾಗಿ ನಿಂತ ಮಂದಿ ನನಗ ಬೈದ್ರು: "ಅಕ್ಕಾರ, ಪಾಳಿ ಹಚ್ಚಿ ಬರ್ರಿ!"

ತಪಾಸಣಿ

ಸಾಹೇಬ್ರು ಬರೂ ದಿನ ಆಯಾನ ಕಾಲು ಹಿಡಿಯೂದೊಂದು ಬಾಕಿ ಇಟ್ಟು ಎಲ್ಲಾ ತೊಳಸಿದ್ನಿ. ಸಾಹೇಬ್ರು ಮುಟ್ಟಿ ಮುಟ್ಟಿ ನೋಡಿ ಖುಷಿ ಆದ್ರು. ಅಷ್ಟೊತ್ತಿಗೆ ಸಂಡಾಸದ ಕಡೆ ನೋಡ್ತೀನಿ, ಬಾಗಲಕ್ಕ ಹಿಡಿಕಿನ ಇಲ್ಲ! ಸಾಹೇಬ್ರಿಗೆ ಕಾಣಬಾರ್ದಂತ ಬಾಗಲಕ್ಕ ಬೆನ್ನು ಕೊಟ್ಟು ನಿಂತ್ನಿ.

ಸಾಹೇಬ್ರು ನೀರು ಕೇಳಿದ್ರು. ಆಯಾ ಗಡಿಗ್ಯಾಗಿಂದ ತುಂಬಿ ಕೊಟ್ಟಳು. ಗಟಗಟ ಕುಡದು, ಇನ್ನೊಂದು ಗ್ಲಾಸ್ ಇಸಗೊಂಡ್ರು.

"ನೀರು ಭಾಳ ಛಲೋ ಅದಾವಲ್ಲ. ಯಾವ ಫಿಲ್ಟರ್?"

ಆಯಾ ಸೆರಗು ಸರಿ ಮಾಡ್ಕೊಂಡ್ಲು. "ಫಿಲ್ಟರ್ ಎಲ್ಲೀದ್ರಿ. ಮೊದಲ ನೀರು ಸ್ವಚ್ಛ ಆಗ್ಲಿ ಅಂತ ತಾಮ್ರದ ಬಿಲ್ಲಿ ಹಾಕ್ತಿದ್ದೆ. ಈಗ ಬೆಳ್ಳೀದ ಐತೆಲ್ರಿ, ಸಂಡಾಸದ ಹಿಡಿಕಿ ಕಿತ್ತು ಹಾಕೀನಿ."

ಸಾಹೇಬ್ರ ಕಣ್ಣು ಮ್ಯಾಲಾದ್ವು. ಬಾಯಿ ಮುಚ್ಕೊಂಡು, ನನ್ನ ನೂಕಿ, ಸಂಡಾಸಕ್ಕ ಓಡಿ ಬಾಗಲಾ ಧಡ್ಡನೆ ಹಾಕ್ಕೊಂಡ್ರು. ವಾಂತಿ ಆತು. ಹೊರಗ ಬರಬೇಕಂದ್ರ ಹಿಡಿಕಿ ಇಲ್ದ ಬಾಗಲಾ ತೆರೀವಲ್ದು.

"ಬಾಗಲಾ ತಗೀರಿ!" ಅಂತ ಒಳಗ ಬಡಿಯಾಕತ್ತಿದ್ರು. ನನ್ನ ನೌಕರಿ ಮುಗೀತು ಅಂತ ನಾ ಹಿಡಿಕಿ ತೂತಿನ್ಯಾಗ ಬೆರಳು ಹಾಕಿ ಜಗ್ಗಾಕತ್ನಿ.

ಆಯಾ ಮಾತ್ರ ಮೊಣಕೈತನಕ ಗಡಿಗ್ಯಾಗ ಕೈ ಹಾಕಿ ಹಿಡಿಕಿ ತಗದ್ಲು. ನೀರು ತೊಟ್ಟಿಕ್ಕೂ ಹಿಡಿಕಿ ಹಿಡಕೊಂಡು ಬಾಗಲಕ್ಕ ಬಾಯಿ ಹಚ್ಚಿ ಕೇಳಿದ್ಲು:

"ಸಾಹೇಬ್ರ, ಸರ್ಟಿಫಿಕೇಟ್ ಏನ್ ಮಾಡಿದ್ರಿ?"