ಹವಾಮಾನ ರಾಯರನ್ನು ನಂಬಿ

ದೆಹಲಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಎರಡನೆಯ ನಾಮಕರಣವೊಂದು ಆಗುತ್ತದೆ. ಊರಿನಲ್ಲಿ ಮನೆತನದಿಂದಲೋ ಬೀದಿಯಿಂದಲೋ ಗುರುತಿಸಲ್ಪಡುತ್ತಿದ್ದವನು ಇಲ್ಲಿ ಇಲಾಖೆಯಿಂದ ಗುರುತಿಸಲ್ಪಡುತ್ತಾನೆ. ನಾನಿನ್ನೂ ಮದುವೆಯಾಗದೆ ಜನಕಪುರಿಯಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದ ಕಾಲಕ್ಕೇ ನಮ್ಮ ಭಾನುವಾರದ ಭಜನೆಗೆ ರೈಲ್ವೆ ಶೆಟ್ಟರು, ಮಿಲಿಟರಿ ಬೆಳ್ಯಪ್ಪ, ಹವಾಮಾನ ರಾಯರು ಬರುತ್ತಿದ್ದರು. ವಿಜ್ಞಾನಕ್ಕೆ ಸಂಬಂಧಪಟ್ಟ ಇಲಾಖೆಯೊಂದರಲ್ಲಿ ಸಿಬ್ಬಂದಿಯ ರಜೆ ಅರ್ಜಿಗಳನ್ನು ನೋಡುವ ನಾನು ಅಂದಿನಿಂದ ವಿಜ್ಞಾನ ಮೂರ್ತಿ. ಆ ಹೆಸರು ಕಿವಿಗೆ ಹಿತವಾಗಿದ್ದುದರಿಂದ ತಿದ್ದುವ ಗೋಜಿಗೆ ಹೋಗಲಿಲ್ಲ. ಇಲಾಖೆಯೊಳಗೆ ಯಾರು ಏನು ಕೆಲಸ ಮಾಡುತ್ತಾರೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅದು ಸಂಬಳ ಕೇಳಿದಷ್ಟೇ ಅಸಭ್ಯ.

ಈ ಪದ್ಧತಿ ನನ್ನ ಕುತ್ತಿಗೆಗೆ ಬಂದದ್ದು ಮಗಳು ಸಿಂಚನಳಿಂದ. ಅವಳು ಏಳನೆಯ ಕ್ಲಾಸು. ಅವಳ ಶಾಲೆಯಲ್ಲಿ ಸ್ಟೆಮ್ ಕ್ಲಬ್ ಎಂಬುದೊಂದಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ, ಹೀಗೆ ನನ್ನನ್ನು ಬಾಲ್ಯದಲ್ಲಿ ಬೇರೆ ಬೇರೆಯಾಗಿ ಕಾಡಿದ್ದೆಲ್ಲವನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ ಕ್ಲಬ್ಬು ಅದು. ಅಂತರಶಾಲಾ ಸ್ಪರ್ಧೆಗೆಂದು ಸಿಂಚನ ಮತ್ತು ಅವಳ ಗೆಳತಿ ಗುರ್ಲೀನ್ ಸೇರಿ ಗಾಳಿಯ ವೇಗ ಅಳೆಯುವ ಯಂತ್ರ ಮಾಡಿದ್ದರು. ಕಡ್ಡಿಗಳ ತುದಿಗೆ ಪ್ಲಾಸ್ಟಿಕ್ ಬಟ್ಟಲುಗಳು, ನಡುವೆ ತಿರುಗಲು ಆಟಿಕೆಯೊಂದರಿಂದ ಕಿತ್ತ ಬೇರಿಂಗು. ಎಲ್ಲ ಸರಿ, ಆದರೆ ಅದು ತಿರುಗುತ್ತಿರಲಿಲ್ಲ. ಜೊತೆಗೆ ಸ್ಪರ್ಧೆಯ ನಿಯಮವೊಂದಿತ್ತು. ಪ್ರತಿ ತಂಡಕ್ಕೂ ಆ ಕ್ಷೇತ್ರದಲ್ಲಿ ಕೆಲಸ ಮಾಡುವ ಒಬ್ಬ ಮಾರ್ಗದರ್ಶಿ ಇರಬೇಕು, ತಂಡದ ಮಕ್ಕಳ ಅಪ್ಪ ಅಮ್ಮ ಮಾತ್ರ ಆಗುವಂತಿಲ್ಲ. ಈ ಕೊನೆಯ ಮಾತು ಕೇಳಿ ನಾನು ಸಮಾಧಾನದ ಉಸಿರು ಬಿಟ್ಟೆ. "ಅಪ್ಪಾ, ಮಂಡೇ ಒಳಗೆ ಮೆಂಟರ್ ಸಿಗ್ಲಿಲ್ಲ ಅಂದ್ರೆ ಲಿಸ್ಟಿಂದ ಹಮಾರಾ ನಾಮ್ ಕಟ್ ಜಾಯೇಗಾ, ಸೀರಿಯಸ್ಲಿ," ಎಂದಳು ಮಗಳು. ಅವಳ ಕಣ್ಣಂಚು ಆಗಲೇ ಒದ್ದೆಯಾಗಿತ್ತು.

ಅದನ್ನು ನೋಡಿ ನನಗೆ ಚಳ್ಳಕೆರೆಯ ನಮ್ಮ ಮಾಧ್ಯಮಿಕ ಶಾಲೆ ನೆನಪಾಯಿತು. ಅಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು ವಿಜ್ಞಾನ ಸಂಘ ಸ್ಥಾಪಿಸಿದಾಗ ಉದ್ಘಾಟನೆಗೆ ಒಬ್ಬ ವಿಜ್ಞಾನಿ ಬೇಕೆಂದು ಊರೆಲ್ಲ ಹುಡುಕಿ, ಕೊನೆಗೆ ದನದ ಡಾಕ್ಟರನ್ನು ಕರೆತಂದಿದ್ದರು. ಅವರು ವಿಜ್ಞಾನದ ಮಹತ್ವವೆಂಬ ವಿಷಯ ಹಿಡಿದು ಕಾಲುಬಾಯಿ ಜ್ವರಕ್ಕೆ ಇಳಿದವರು ಊಟದ ಗಂಟೆ ಹೊಡೆಯುವವರೆಗೂ ಮೇಲೇಳಲಿಲ್ಲ. ಆಮೇಲೆ ವಸ್ತುಪ್ರದರ್ಶನ. ಊದುಬತ್ತಿ ಡಬ್ಬಕ್ಕೆ ಒಡೆದ ಕನ್ನಡಿಯ ಚೂರು ಅಂಟಿಸಿ ನಾನೊಂದು ಪೆರಿಸ್ಕೋಪ್ ಮಾಡಿದ್ದೆ. ಉಳಿದವರೆಲ್ಲ "ಭೇಷ್" ಎಂದು ಮುಂದೆ ಹೋದರು. ಡಾಕ್ಟರು ಮಾತ್ರ ಅದನ್ನು ಕೈಗೆತ್ತಿಕೊಂಡು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕಾಂಪೌಂಡ್ ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ರಸ್ತೆಯಲ್ಲಿ ಹೋಗುವವರನ್ನು ಬಹಳ ಹೊತ್ತು ನೋಡಿದರು. "ಕೆಳಗಿನ ಕನ್ನಡಿ ಸ್ವಲ್ಪ ವಾಲೈತೆ ಕಣಪ್ಪ, ಎತ್ತಿ ನೋಡು," ಎಂದರು. ಎತ್ತಿದೆ. ಅಲ್ಲಿಯವರೆಗೆ ರುಂಡವಿಲ್ಲದೆ ಓಡಾಡುತ್ತಿದ್ದ ಜನಕ್ಕೆಲ್ಲ ತಲೆ ಬಂತು.

ಮುಂದಿನ ವಾರ ಅವರ ಆಸ್ಪತ್ರೆಗೆ ಹೋದಾಗ ಒಂದು ಹಸುವಿನ ಪಕ್ಕೆಗೆ ಸ್ಟೆತಾಸ್ಕೋಪ್ ಹಿಡಿದು ನನ್ನ ಕಿವಿಗೆ ಕೊಟ್ಟರು. ಒಳಗೆ ಯಾರೋ ಖಾಲಿ ಬಿಂದಿಗೆ ಉರುಳಿಸುತ್ತಿದ್ದ ಹಾಗಿತ್ತು. ನಾನು ಮುಂದೆ ವಿಜ್ಞಾನಿಯಾಗಲಿಲ್ಲ, ಅದು ಬೇರೆ ಮಾತು. ಆದರೆ ಅಷ್ಟು ದೊಡ್ಡವರೊಬ್ಬರು ನನ್ನ ಡಬ್ಬವನ್ನು ಆಟಿಕೆಯೆನ್ನದೆ ಯಂತ್ರವೆಂದು ನಂಬಿ ನೋಡಿದ ಆ ಮಧ್ಯಾಹ್ನದ ಖುಷಿ ಇವತ್ತಿಗೂ ಹಾಗೇ ಇದೆ. ಮಗಳಿಗೂ ಅಂಥವರೊಬ್ಬರು ಸಿಗಲಿ ಎಂದು ನನಗೆ ತುಂಬ ಆಸೆಯಾಯಿತು. ಅಂಥವರು ಇನ್ಯಾರು? ಗಾಳಿಯ ಯಂತ್ರಕ್ಕೆ ಹವಾಮಾನ ರಾಯರೇ ಸರಿ. ಇಷ್ಟು ವರ್ಷ ಛತ್ರಿ ಒಯ್ಯಬೇಕೋ ಬೇಡವೋ ಎಂಬುದನ್ನು ನಾನು ಅವರನ್ನು ಕೇಳಿಯೇ ತೀರ್ಮಾನಿಸುತ್ತಿದ್ದೆ. ಅವರೂ ಆಕಾಶವನ್ನೊಮ್ಮೆ ನೋಡಿ, "ಸಂಜೆ ಒಂದೆರಡು ಹನಿ ಬರಬಹುದು," ಎಂದು ಗಂಭೀರವಾಗಿ ಹೇಳುತ್ತಿದ್ದರು. ಅವರನ್ನು ಭಾನುವಾರ ತಿಂಡಿಗೆ ಕರೆಯುವಂತೆ ನನ್ನ ಹೆಂಡತಿ ಸುಮಾಗೆ ಹೇಳಿದೆ. ಅವಳು ಏನನ್ನೋ ಹೇಳಲು ಬಾಯಿ ತೆರೆದಳು. ನಾನು ಅಷ್ಟರಲ್ಲಿ ರಾಯರ ಘನತೆಯನ್ನು ಮಗಳಿಗೆ ವರ್ಣಿಸಲು ಹೊರಟಿದ್ದೆ.

ಭಾನುವಾರ ರಾಯರು ಪತ್ನೀಸಮೇತ ಬಂದರು. ಹವಾಮಾನ ರಾಯರ ಮನೆಯವರು ಎಂದರೆ ನಮ್ಮ ವಲಯದಲ್ಲಿ ಕೋಡುಬಳೆಗೆ ಹೆಸರುವಾಸಿ. ಅವತ್ತೂ ಡಬ್ಬದೊಂದಿಗೇ ಬಂದಿದ್ದರು. ತಿಂಡಿಯಾದ ಮೇಲೆ ಎಲ್ಲರೂ ತಾರಸಿಗೆ ಹತ್ತಿದೆವು. ಗುರ್ಲೀನ್ ಟಿಪ್ಪಣಿ ಬರೆದುಕೊಳ್ಳಲು ಪೆನ್ನು ಹಿಡಿದು ನಿಂತಳು. ರಾಯರು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಇನ್ನೊಂದು ಬಂದರು. ಮೂರನೆಯದಕ್ಕೆ ಹೊರಟವರು ನನ್ನನ್ನು ನೀರಿನ ಟ್ಯಾಂಕಿನ ಮರೆಗೆ ಕರೆದುಕೊಂಡು ಹೋದರು. "ಮೂರ್ತಿಗಳೇ, ನಾನು ಆ ಇಲಾಖೇಲಿ ಕ್ವಾರ್ಟರ್ಸ್ ಹಂಚೋ ಸೆಕ್ಷನ್ನು. ನೀವೆಲ್ಲ ಅಷ್ಟು ನಂಬಿಕೆ ಇಟ್ಟು ಮಳೆ ಕೇಳ್ತಿದ್ರಿ, ಬೇಜಾರು ಮಾಡೋದು ಹೇಗೆ ಅಂತ ಬೆಳಗ್ಗೆ ಪೇಪರ್ ನೋಡ್ಕೊಂಡು ಬರ್ತಿದ್ದೆ," ಎಂದರು. "ನೀವೇ ಸ್ವಲ್ಪ ನೋಡಬಾರದೇ? ನೀವು ವಿಜ್ಞಾನದವರು," ಎಂದು ಸೇರಿಸಿದರು. ನಾನು ರಜೆ ಅರ್ಜಿಯ ವಿಷಯ ಹೇಳಿದೆ. ಆಚೆ ಮಗಳು ಕಾಯುತ್ತಿದ್ದಾಳೆಂಬುದು ನೆನಪಾಗಿ, ಅವಳಿಗೆ ಹೇಳುವ ಮಾತು ಹುಡುಕುತ್ತ ಹೊರಟೆ.

ಮರೆಯಿಂದ ಈಚೆ ಬಂದರೆ ರಾಯರ ಮನೆಯವರು ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಿದ್ದರು. ಯಂತ್ರವನ್ನು ಬಿಚ್ಚಿ ಹರಡಿದ್ದರು. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು, ಬೆರಳಲ್ಲಿ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಅದನ್ನು ಸಿಂಚನಳ ಕಿವಿಗೆ ಹಿಡಿದರು. "ಗರಗರ ಅನ್ನುತ್ತಲ್ಲ, ಅದು ಒಳಗಿರೋ ಗ್ರೀಸು. ಇಷ್ಟು ಸಣ್ಣ ಗಾಳಿಗೆ ಅದು ಭಾರ ಆಗುತ್ತಮ್ಮ. ತೊಳೆದು ಒಂದೇ ಹನಿ ತೆಳು ಎಣ್ಣೆ ಬಿಡು," ಎಂದರು. ಗುರ್ಲೀನಳಿಗೆ ಅದನ್ನೇ ಹಿಂದಿಯಲ್ಲಿ ಹೇಳಿದರು. ಸುಮಾ ಆಗಲೇ ಹೊಲಿಗೆ ಯಂತ್ರದ ಎಣ್ಣೆ ಹಿಡಿದು ನಿಂತಿದ್ದಳು.

ರಾಯರ ಮನೆಯವರು ದೆಹಲಿಯಾಚೆಯ ಮಾನೇಸರಿನಲ್ಲಿ ಕಾರಿನ ಬೇರಿಂಗ್ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದ ಮುಖ್ಯ ಎಂಜಿನಿಯರು ಎಂಬುದು ಸುಮಾಗೆ ಮೊದಲಿಂದಲೂ ಗೊತ್ತಿತ್ತಂತೆ. ಮತ್ತೆ ನನಗೇಕೆ ಹೇಳಲಿಲ್ಲವೆಂದು ಕೇಳಿದರೆ, "ನೀವು ರಾಯರನ್ನು ಕರಿ ಅಂದ್ರಿ. ನಾನು ಇಬ್ಬರನ್ನೂ ಕರೆದೆ," ಎಂದಳು.

ಬೇರಿಂಗನ್ನು ತೊಳೆದು, ಎಣ್ಣೆ ಬಿಟ್ಟು ಮತ್ತೆ ಜೋಡಿಸಿದ ಮೇಲೆ ಗಾಳಿ ಬೀಸಿದಾಗ ಬಟ್ಟಲುಗಳು ಮೊದಲು ಅನುಮಾನಿಸಿ, ಆಮೇಲೆ ತಿರುಗತೊಡಗಿದವು. ಮಕ್ಕಳು ಕುಣಿದರು. ರಾಯರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ನನಗೆ ಚಳ್ಳಕೆರೆಯ ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತ ಇಸ್ತ್ರಿ ಪ್ಯಾಂಟು ಕಣ್ಣಿಗೆ ಕಟ್ಟಿತು. ಸಿಂಚನ, "ಆಂಟಿ, ನೀವೇ ನಮ್ಮ ಮೆಂಟರ್. ನಿಮ್ಮ ಹೆಸರು?" ಎಂದು ಕೇಳಿದಾಗ ನಾನೂ ಕಿವಿಯಾನಿಸಿದೆ. ಇಷ್ಟು ವರ್ಷ ಕೋಡುಬಳೆ ತಿಂದರೂ ಅವರ ಹೆಸರು ವಸುಧಾ ಎಂದು ನನಗೆ ಗೊತ್ತಾದದ್ದು ಆವತ್ತೇ.

ಅತಿಥಿಗಳು ಹೋದ ಮೇಲೆ ಸುಮಾ ಎಣ್ಣೆಯ ಡಬ್ಬಿಯನ್ನು ಒಳಗಿಡುತ್ತಿದ್ದಳು. ಅವಳು ಓಖ್ಲಾದ ಗಾರ್ಮೆಂಟ್ ಕಂಪನಿಯೊಂದಕ್ಕೆ ದಿನವೂ ಹೋಗಿಬರುತ್ತಾಳೆ. ಕೇಳಿದವರಿಗೆಲ್ಲ ನಾನು, ಅಲ್ಲೇನೋ ಕ್ವಾಲಿಟಿ ನೋಡ್ತಾಳೆ ಎನ್ನುತ್ತ ಬಂದಿದ್ದೇನೆ. ಏನೋ ಹೊಳೆದಂತಾಗಿ, "ಅಂದ ಹಾಗೆ, ಓಖ್ಲಾದಲ್ಲಿ ನೀನು ಮಾಡೋ ಕೆಲಸ ಸರಿಯಾಗಿ ಏನು?" ಎಂದು ಕೇಳಿದೆ.

ಅವಳು ನನ್ನನ್ನೊಮ್ಮೆ ನೋಡಿ ಕುರ್ಚಿ ಎಳೆದಳು. "ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಹಿಡಿಯುತ್ತೆ," ಎಂದಳು.