ಕರಗದಿಯಂ ಲೋಹಕ್ಕೆ ಮಾನ್ಯತೆ

ಸೂರ್ಯನೊಳಗೆ ಬಿದ್ದರೂ ಕರಗದ ಲೋಹ ಒಂದೇ ಒಂದಿದೆ ಎಂದೂ, ಅದರ ಹೆಸರು ಕರಗದಿಯಂ ಎಂದೂ ಪದಾರ್ಥ ಪರಿಶೀಲನಾ ಇಲಾಖೆ ಅಧಿಕೃತವಾಗಿ ಪ್ರಕಟಿಸಿದೆ.

ಈ ಲೋಹವನ್ನು ಹುಟ್ಟಿಸಿದವನು ಒಬ್ಬ ಸಿನಿಮಾ ಕಥೆಗಾರ. ಅವನ ನಾಯಕನ ಆಕಾಶನೌಕೆ ಸೀದಾ ಸೂರ್ಯನತ್ತ ಬೀಳುತ್ತಿತ್ತು. ನಾಯಕ ಸಾಯಕೂಡದೆಂದು ನಿರ್ಮಾಪಕರು ಪಟ್ಟು ಹಿಡಿದಿದ್ದರು. ಬೇರೆ ದಾರಿ ಕಾಣದೆ ಕಥೆಗಾರ ನಾಯಕನ ಜೇಬಿನಿಂದ ಕರಗದಿಯಂ ತೆಗೆಸಿದ. ಅದು ಜೇಬಿಗೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಇಲಾಖೆ ಮಾತ್ರ, ತೆರೆಯ ಮೇಲೆ ಬರುವ ಪ್ರತಿಯೊಂದು ಪದಾರ್ಥದ ಮಾದರಿಯನ್ನೂ ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ಚಿತ್ರಕ್ಕೆ ಬಿಡುಗಡೆಯಿಲ್ಲ ಎಂಬ ನಿಯಮವನ್ನು ನೆನಪಿಸಿತು. ಕಥೆಗಾರ ಮನೆಯ ಹಾಲಿನ ಪಾತ್ರೆಯ ಮುಚ್ಚಳಕ್ಕೆ ನೀಲಿ ಬಣ್ಣ ಬಳಿದು ಒಪ್ಪಿಸಿ ಬಂದ.

ಅಧಿಕಾರಿಗಳು ಅದನ್ನು ಕಚೇರಿಯ ತಾರಸಿಯಲ್ಲಿ ಬಿಸಿಲಿಗಿಟ್ಟು, ತಾವು ನೆರಳಲ್ಲಿ ಕೂತು ಕಾದರು. ಕರಗಲಿಲ್ಲ. ಬಿಸಿಲು ಸೂರ್ಯನದೇ ಆದ್ದರಿಂದ ಪರೀಕ್ಷೆ ಸಂಪೂರ್ಣವೆಂದು ತೀರ್ಮಾನವಾಯಿತು. ಮುಚ್ಚಳ ಸಾರ್ವಜನಿಕ ಸಂಪತ್ತಾಗಿ ಗಾಜಿನ ಪೆಟ್ಟಿಗೆ ಸೇರಿತು.

ಇತ್ತ ಮನೆಯಲ್ಲಿ ಹಾಲು ಬೆಕ್ಕಿನ ಪಾಲಾಗತೊಡಗಿತು. ಕಥೆಗಾರನ ಹೆಂಡತಿ ಗಣಿತದ ಟೀಚರು. ಗಂಡನ ಬಾಯಿ ಬಿಡಿಸಿ, ನೆಟ್ಟಗೆ ಇಲಾಖೆಗೆ ಹೊರಟಳು. ಸತ್ಯ ಹೊರಬಿದ್ದರೆ ಚಿತ್ರ ಡಬ್ಬದಲ್ಲೇ ಕೊಳೆಯುತ್ತದೆಂದು ಹೆದರಿ ಗಂಡ ಹಿಂದೆಯೇ ಓಡಿದ.

"ಸಾರ್, ಅದು ನಮ್ಮನೆ ಮುಚ್ಚಳ. ಮದುವೆಯಾದಾಗಿಂದ ಬಳಸ್ತಿದೀನಿ," ಎಂದಳು.

ಹಿರಿಯ ಅಧಿಕಾರಿ ಎದ್ದು ನಿಂತರು. "ಅಷ್ಟು ವರ್ಷದಿಂದ ಒಲೆ ಮೇಲೆ ಇಟ್ಟಿದೀರಾ? ಕರಗಲಿಲ್ವಾ?"

"ಮುಚ್ಚಳ ಯಾಕೆ ಸಾರ್ ಕರಗತ್ತೆ?"

"ನಾವೂ ಅದನ್ನೇ ಹೇಳ್ತಿರೋದು ಮೇಡಂ."

ಅದು ಬರೀ ಮುಚ್ಚಳ, ಬಣ್ಣ ಬಳಿದದ್ದು ನಾನೇ ಎಂದು ಗಂಡನೂ ಕೊನೆಗೆ ಒಪ್ಪಿಕೊಂಡ. ಸಂಶೋಧಕರಿಗೆ ಇಷ್ಟೊಂದು ವಿನಯ ಇರಬಾರದೆಂದು ಅಧಿಕಾರಿಗಳು ಅವನ ಬೆನ್ನು ತಟ್ಟಿದರು. ಲೋಹದ ಜೊತೆ ಸಂಸಾರ ಮಾಡಿದ ಅನುಭವವಿರುವವರು ಬೇರಾರೂ ಇಲ್ಲದ ಕಾರಣ ಹೆಂಡತಿಯನ್ನು ಅಲ್ಲೇ ಮುಖ್ಯ ಸಲಹೆಗಾರ್ತಿಯಾಗಿ ನೇಮಿಸಲಾಯಿತು. ಅವಳು ಕೊಂಚ ಯೋಚಿಸಿ, ಕುರ್ಚಿ ಫ್ಯಾನಿನ ಕೆಳಗೇ ಇರಬೇಕೆಂದಳು. ಒಪ್ಪಿದರು.

ಚಿತ್ರ ಬಿಡುಗಡೆಯಾಯಿತು. ನಾಯಕ ಜೇಬಿಗೆ ಕೈ ಹಾಕುತ್ತಿದ್ದಂತೆ ಪ್ರೇಕ್ಷಕರು ಗೌರವದಿಂದ ಎದ್ದು ನಿಲ್ಲುತ್ತಾರೆ.

ಈಗ ಬೀದಿಯವರೆಲ್ಲ ಸೌಟು, ಜರಡಿ, ಕೊಡೆಯ ಹಿಡಿಗಳಿಗೆ ಬಣ್ಣ ಬಳಿದು ಇಲಾಖೆಯ ಮುಂದೆ ಸಾಲುಗಟ್ಟಿದ್ದಾರೆ. ಸಲಹೆಗಾರ್ತಿ ಒಂದೊಂದನ್ನೂ ಬಿಸಿಲಿಗಿಡಿಸುತ್ತಿದ್ದಾಳೆ. ಅವು ಯಾವ ಕಥೆಯಲ್ಲಿ ಬರುತ್ತವೆಂದು ಕಥೆಗಾರ ವಿಚಾರಿಸಿದ. ಪದಾರ್ಥ ಮೊದಲು ಮಂಜೂರಾಗಲಿ, ಕಥೆ ಆಮೇಲೆ ನೋಡಿಕೊಳ್ಳೋಣ ಎಂದು ಇಲಾಖೆ ತಿಳಿಸಿದೆ.