ಮಸೂತಿಯಲ್ಲಿ ರೆಕಾರ್ಡಿಂಗ್

ತಪ್ಪೆಲ್ಲ ಇಂಡಿ ಊರಿನವರದು. ಅವರು ಅಷ್ಟು ಗದ್ದಲ ಹಾಕದೇ ಇದ್ದಿದ್ದರೆ ಶ್ರೀಶೈಲನಿಗೆ ಮಸೂತಿ ಎಂಬ ಹಳ್ಳಿಯಲ್ಲಿ ಈ ಗತಿ ಬರುತ್ತಿರಲಿಲ್ಲ.

ಶ್ರೀಶೈಲನದು ರಾಕ್ ಬ್ಯಾಂಡು. ಗಿಟಾರು, ಹಾಡು ಇವನದು. ಡ್ರಮ್ಮು ಗೆಳೆಯ ಸುನೀಲಕುಮಾರನದು. ೧೯೯೮ರ ಸಿಂದಗಿಯಲ್ಲಿ ರಾಕ್ ಅಂದರೇನೆಂದು ತಿಳಿಸಿ ಹೇಳುವುದರಲ್ಲೇ ಇಬ್ಬರ ಅರ್ಧ ಹರೆಯ ಕಳೆದಿತ್ತು. ಕೊನೆಗೂ ಬಿಜಾಪುರದ ಕ್ಯಾಸೆಟ್ ಕಂಪನಿಯ ಬಸಂತರಾಯರು ಒಪ್ಪಿದರು. ಆದರೆ ಬಯಲಲ್ಲಿ ಜನರ ಮುಂದೆ ಹಾಡಬೇಕು, ಕ್ಯಾಸೆಟ್ಟಿನಲ್ಲಿ ಚಪ್ಪಾಳೆ, ಸೀಟಿ, ನಗು ಎಲ್ಲ ಕೇಳಬೇಕು, ಇಲ್ಲದಿದ್ದರೆ ಕ್ಯಾಸೆಟ್ಟೇ ಇಲ್ಲ ಎಂದರು. ಮೊದಲು ಇಂಡಿಯಲ್ಲಿ ಹಾಡಿದಾಗ ಜನ ಎಷ್ಟು ಕೂಗಿದರೆಂದರೆ ಹಾಡೇ ಕೇಳಲಿಲ್ಲ. ಇನ್ನು ಉಳಿದದ್ದು ಮಸೂತಿಯ ಶಾಲೆಯ ಬಯಲೊಂದೇ. ಸುನೀಲಕುಮಾರ ಮರುದಿನವೇ ಕಂಡಕ್ಟರ್ ಕೆಲಸಕ್ಕೆ ಹಾಜರಾಗಬೇಕಿತ್ತು. ಇವತ್ತು ಕ್ಯಾಸೆಟ್ ಆಗದಿದ್ದರೆ ಬ್ಯಾಂಡೂ ಮುಗಿಯಿತು.

ಗದ್ದಲದಿಂದ ಇಂಡಿಯ ರೆಕಾರ್ಡಿಂಗ್ ಕೆಟ್ಟುಹೋದ ಸುದ್ದಿ ಮಸೂತಿಗೆ ಇವರಿಗಿಂತ ಮೊದಲೇ ಮುಟ್ಟಿತ್ತು. ಇದು ಊರ ಮರ್ಯಾದೆಯ ಮಾತು ಎಂದು ಪಂಚಾಯ್ತಿ ಮೆಂಬರ್ ಕಸ್ತೂರೆವ್ವ ಸೆರಗು ಸಿಕ್ಕಿಸಿ ನಿಂತಳು. ಎತ್ತುಗಳ ಕೊರಳಗಂಟೆಗೆ ಅರಿವೆ ತುರುಕಿಸಿದಳು. ಅಳುವ ಕೂಸುಗಳನ್ನು ತಾಯಂದಿರ ಸಮೇತ ಹೊಲಕ್ಕೆ ಅಟ್ಟಿದಳು. ಕೆಮ್ಮುವ ಮುದುಕರ ಬಾಯಿಗೆ ಒಂದೊಂದು ತುಂಡು ಬೆಲ್ಲ ಇಟ್ಟಳು.

ಸಂಜೆ ಐದಕ್ಕೆ ಶ್ರೀಶೈಲ ಮೈಮರೆತು ಹಾಡಿದ. ಹಾಡು ಮುಗಿಯಿತು. ಸಾವಿರ ಜನ ಕೂತಿದ್ದರೂ ಯಾರೂ ಪಿಟಕ್ ಎನ್ನಲಿಲ್ಲ. ಹಿಂದಿನ ಸಾಲಿನ ನಾಲ್ಕು ಮಂದಿ ಮಾತ್ರ ಖುಷಿ ತಡೆಯಲಾರದೆ ಎದ್ದು, ಸಪ್ಪಳವಾಗದಂತೆ ತಲೆಯ ಪಟಗಾ ಬಿಚ್ಚಿ ಬೀಸಿ ಮತ್ತೆ ಕೂತರು.

ಚಪ್ಪಾಳೆ ಹೊಡೆಯಿರಿ ಎಂದು ಶ್ರೀಶೈಲ ಕೈಮುಗಿದ. ಹುಡುಗ ತಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದು ತಿಳಿದು ಜನ ಇನ್ನಷ್ಟು ಬಿಗಿಯಾಗಿ ಕೂತರು. ಎರಡನೆಯ ಹಾಡೂ ಹಾಗೇ ಹೋಯಿತು, ಮೂರನೆಯದೂ ಹೋಯಿತು. ಮಷಿನ್ ಮುಂದೆ ಕೂತ ಬಸಂತರಾಯರು ಬೇಸತ್ತು ಗಡಿಯಾರ ನೋಡಿಕೊಂಡರು. ಶ್ರೀಶೈಲನ ತಲೆ ಕೆಟ್ಟಿತು.

"ನೀವೇನ್ ಮನಷ್ಯಾರೋ, ಜ್ವಾಳದ ಚೀಲೋ? ಹತ್ತು ವರ್ಷ ಆತು ಈ ಗಿಟಾರ್ ಬಾರ್ಸಾಕತ್ತಿ. ಬೆರಳ ಸುಲದು ಹೋದ್ವು, ಹೆಣ್ಣ ಕೊಡೋರ ದಿಕ್ಕಿಲ್ಲ. ನಿಮ್ಮ ಕೈಗೇನಾಗೇತಿ?"

ಊರಿಗೆ ಬೈದರೆ ಕಸ್ತೂರೆವ್ವ ಸುಮ್ಮನಿರುತ್ತಾಳೆಯೇ? ಎದ್ದೇಬಿಟ್ಟಳು.

"ಹೆಣ್ಣ ಹೆಂಗ ಕೊಡ್ತಾರೋ ತಮ್ಮಾ? ನೀ ಹಾಡಾಕ ನಿಂತ್ರ ಹಲ್ಲನೋವು ಬಂದೋರಗತೆ ಮಾರಿ ಮಾಡ್ತಿ."

ಮುದುಕನೊಬ್ಬನ ಬಾಯಿಂದ ಬೆಲ್ಲ ಹಾರಿಬಿತ್ತು. ಆಮೇಲೆ ಇಡೀ ಬಯಲು ಬಿದ್ದು ಬಿದ್ದು ನಕ್ಕಿತು. ಶ್ರೀಶೈಲ ಅವಳ ಮೆಂಬರಗಿರಿಯನ್ನು ಜಾಡಿಸಿದ, ಅವಳು ಇವನ ಉದ್ದ ಕೂದಲನ್ನು ಆಡಿಕೊಂಡಳು. ಒಂದೊಂದು ಮಾತಿಗೂ ಚಪ್ಪಾಳೆ, ಸೀಟಿ. ಮಷಿನ್ ತಿರುಗುತ್ತಲೇ ಇತ್ತು. ಬಸಂತರಾಯರು ಕುರ್ಚಿ ಹತ್ತಿ ನಿಂತು, ನಡೀಲಿ ನಡೀಲಿ ಎಂದು ಕೈ ಮಾಡುತ್ತಿದ್ದರು. ಟೇಪು ಮುಗಿದಾಗಲೇ ಜಗಳವೂ ನಿಂತಿತು.

ಇಂಥ ರೆಕಾರ್ಡಿಂಗ್ ತಮ್ಮ ಜನ್ಮದಲ್ಲೇ ಆಗಿರಲಿಲ್ಲ ಎನ್ನುತ್ತಾ ಬಸಂತರಾಯರು ಓಡಿ ಬಂದರು. ಶ್ರೀಶೈಲನ ಕಣ್ಣು ತುಂಬಿ ಬಂತು. ಕೊನೆಗೂ ಗೆದ್ದೆವೆಂದು ಸುನೀಲಕುಮಾರನ ಹೆಗಲು ತಟ್ಟಿ ಕೈ ಚಾಚಿದ. ಬಸಂತರಾಯರು ಆ ಕೈಯನ್ನು ದಾಟಿ ಹೋಗಿ ಕಸ್ತೂರೆವ್ವನ ಮುಂದೆ ನಿಂತರು. ಹಾಡು ತೆಗೆದುಹಾಕಿ ಜಗಳವನ್ನಷ್ಟೇ ಕ್ಯಾಸೆಟ್ ಮಾಡುವುದಾಗಿಯೂ, ಮೇಲೆ ಅವಳದೇ ಫೋಟೋ ಹಾಕಿಸುವುದಾಗಿಯೂ ಹೇಳಿದರು. ಅವಳ ಮುಂದಿನ ಕಾರ್ಯಕ್ರಮ ತಂಗಡಗಿ ಊರಿನಲ್ಲಿ ಅಂತೆ.

"ಮತ್ತ ನಾನ್ರಿ?" ಎಂದ ಶ್ರೀಶೈಲ.

ಬಸಂತರಾಯರು ಕಸ್ತೂರೆವ್ವನ ಮುಖ ನೋಡಿದರು. ಅವಳು ಶ್ರೀಶೈಲನನ್ನು ಸಂತೆಯಲ್ಲಿ ಹೋರಿ ನೋಡುವಂತೆ ಮೇಲಿಂದ ಕೆಳಗಿನ ತನಕ ನೋಡಿದಳು.

"ಬರ್ಲಿ ಬಿಡ್ರಿ ಪಾಪ, ಬೈಸ್ಕೊಳ್ಳಾಕ ಯಾರರ ಒಬ್ಬರು ಬೇಕಲ್ಲ. ಆ ಗಿಟಾರ್ ಒಂದು ಮನ್ಯಾಗ ಇಟ್ಟು ಬರ್ಲಿ."